ಚಾರ್ಜರಿನೊಳಗಿನ ಕಾಣದ ಗೋಡೆ

2023ರ ಆಗಸ್ಟ್ ತಿಂಗಳಿನಲ್ಲಿ ಕಾರವಾರ ತಾಲ್ಲೂಕಿನಿಂದ ಬಂದ ಸುದ್ದಿಯೊಂದು ಓದಿದವರ ಮನಸ್ಸನ್ನು ಕಲಕಿತ್ತು. ಫೋನನ್ನು ಚಾರ್ಜಿನಿಂದ ತೆಗೆದ ಮೇಲೆ ಗೋಡೆಯ ಸ್ವಿಚ್ಚನ್ನು ಆರಿಸಿರಲಿಲ್ಲ. ಕೇಬಲ್ಲಿನ ತುದಿಯನ್ನು ಎಂಟು ತಿಂಗಳ ಮಗುವೊಂದು ಬಾಯಿಗೆ ಹಾಕಿಕೊಂಡು ವಿದ್ಯುದಾಘಾತದಿಂದ ಅಸುನೀಗಿತೆಂದು ಪತ್ರಿಕೆಗಳು ವರದಿ ಮಾಡಿದ್ದವು. ಸುದ್ದಿಯ ಬೆನ್ನಿಗೇ ಉಪದೇಶವೂ ಬಂತು: ಚಾರ್ಜ್ ಮುಗಿದ ಕೂಡಲೇ ಸ್ವಿಚ್ ಆರಿಸಿ, ಮಕ್ಕಳ ಕೈಗೆ ವೈರು ಸಿಗದಂತೆ ನೋಡಿಕೊಳ್ಳಿ. ಉಪದೇಶ ಸರಿಯಾದದ್ದೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ.

ಸಾಮಾನ್ಯ ಮೊಬೈಲ್ ಚಾರ್ಜರಿನ ಕೇಬಲ್ಲಿನ ತುದಿಯಲ್ಲಿ ಇರಬೇಕಾದದ್ದು ಐದು ವೋಲ್ಟ್ ಮಾತ್ರ. ಮೂರು ಸೆಲ್ಲಿನ ಟಾರ್ಚಿನಲ್ಲಿ ಇರುವುದು ನಾಲ್ಕೂವರೆ ವೋಲ್ಟ್. ಟಾರ್ಚಿನ ಸೆಲ್ಲನ್ನು ನಾಲಿಗೆಗೆ ಮುಟ್ಟಿಸಿ ಚುರುಕನ್ನು ಪರೀಕ್ಷಿಸಿದ ಬಾಲ್ಯ ನಮ್ಮಲ್ಲಿ ಹಲವರದು. ಅದರಿಂದ ಪ್ರಾಣ ಹೋಗುವುದಿಲ್ಲ. ಹಾಗಿರುವಾಗ ಐದು ವೋಲ್ಟಿನ ತುದಿ ಮನುಷ್ಯಜೀವವನ್ನು ತೆಗೆಯುವಂತಾಗಬೇಕಾದರೆ ಗೋಡೆಯ 230 ವೋಲ್ಟ್ ಹೇಗೋ ಅಲ್ಲಿಯವರೆಗೆ ಹರಿದುಬಂದಿರಬೇಕು. ಹಾಗೆ ಬರದಂತೆ ತಡೆಯುವುದೇ ಚಾರ್ಜರ್ ಎಂಬ ಪುಟ್ಟ ಡಬ್ಬಿಯ ಮೊದಲ ಕರ್ತವ್ಯ. ಫೋನಿಗೆ ವಿದ್ಯುತ್ ಊಡುವುದು ಅದರ ಎರಡನೆಯ ಕೆಲಸ. ಕೊಳ್ಳುವಾಗ ನಾವು ನೋಡುವುದು ಎರಡನೆಯದನ್ನು ಮಾತ್ರ. ಚಾರ್ಜ್ ಆಗುತ್ತದೆಯೆ, ಬೇಗ ಆಗುತ್ತದೆಯೆ, ಬೆಲೆ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ನಮ್ಮ ವಿಚಾರಣೆ ಮುಗಿಯುತ್ತದೆ.

ಸೇತುವೆಯಿಲ್ಲದ ನದಿ

ನಾವು ಚಾರ್ಜರ್ ಎಂದು ಕರೆಯುವ ವಸ್ತು ನಿಜಕ್ಕೂ ಬ್ಯಾಟರಿಯನ್ನು ತುಂಬುವ ಉಪಕರಣವಲ್ಲ. ಬ್ಯಾಟರಿಗೆ ಎಷ್ಟು ವಿದ್ಯುತ್ ಯಾವಾಗ ಹೋಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನೆಲ್ಲ ನಿಯಂತ್ರಿಸುವ ಮಂಡಲ ಇರುವುದು ಫೋನಿನ ಒಳಗೆ. ಗೋಡೆಗೆ ಸಿಕ್ಕಿಸುವ ಡಬ್ಬಿಯದು ಅಪಾಯಕಾರಿಯಾದ ಅಧಿಕ ವೋಲ್ಟೇಜನ್ನು ನಿರಪಾಯಕರವಾದ ಅಲ್ಪ ವೋಲ್ಟೇಜಿಗೆ ಇಳಿಸಿಕೊಡುವ ಕೆಲಸ.

ಅದು ನಡೆಯುವ ಕ್ರಮ ಹೀಗೆ. ಮನೆಗೆ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತು ಡಬ್ಬಿಯೊಳಗೆ ಮೊದಲು ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗುತ್ತದೆ. ಎಂದರೆ ಚಾರ್ಜರಿನ ಅರ್ಧ ಭಾಗದಲ್ಲಿ ಇರುವುದು ಗೋಡೆಯ ಸಾಕೆಟ್ಟಿನಲ್ಲಿರುವುದಕ್ಕಿಂತ ಕಡಿಮೆಯದಲ್ಲ. ಆ ಬಳಿಕ ಒಂದು ಅರೆವಾಹಕ ಸ್ವಿಚ್ಚು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಬೆರಳ ತುದಿಯಷ್ಟಿರುವ ಟ್ರಾನ್ಸ್‌ಫಾರ್ಮರಿಗೆ ಕಳಿಸುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಸುರುಳಿಗಳಿವೆ. ಒಂದಕ್ಕೆ ಇನ್ನೊಂದರ ತಂತಿ ಎಲ್ಲಿಯೂ ತಾಗುವುದಿಲ್ಲ. ಶಕ್ತಿ ದಾಟುವುದು ಕಾಂತಕ್ಷೇತ್ರದ ಮೂಲಕ. ಸೇತುವೆಯಿಲ್ಲದ ನದಿಯಲ್ಲಿ ದೋಣಿಯೊಂದು ಈ ದಡದ ಸರಕನ್ನು ಆ ದಡಕ್ಕೆ ಮುಟ್ಟಿಸುವಂತೆ ಇದು. ಸರಕು ದಾಟುತ್ತದೆ, ಈ ದಡದ ಜನ ಆ ದಡಕ್ಕೆ ನಡೆದು ಹೋಗಲಾರರು.

ಈ ನದಿಯ ಅಗಲ ಎಷ್ಟು? ಚಾರ್ಜರಿನ ಸರ್ಕೀಟ್ ಹಲಗೆಯ ಮೇಲೆ ಅಧಿಕ ವೋಲ್ಟೇಜಿನ ಭಾಗಕ್ಕೂ ಅಲ್ಪ ವೋಲ್ಟೇಜಿನ ಭಾಗಕ್ಕೂ ನಡುವೆ ಸುಮಾರು ಐದಾರು ಮಿಲಿಮೀಟರ್ ಖಾಲಿ ಜಾಗ ಇರಬೇಕು. ಟ್ರಾನ್ಸ್‌ಫಾರ್ಮರಿನ ಸುರುಳಿಗಳ ನಡುವೆ ನಿರೋಧಕ ಪಟ್ಟಿಯ ಪದರಗಳಿರಬೇಕು, ಇಲ್ಲವೇ ಒಳಗಿನ ತಂತಿಗೇ ಮೂರು ಪದರದ ಕವಚವಿರಬೇಕು. ಹೀಗೆ ಕಟ್ಟಿದ ಗೋಡೆಯ ಎರಡೂ ಬದಿಗೆ 3000 ವೋಲ್ಟ್ ಹಾಕಿದರೂ ಅದು ಒಡೆಯದೆ ನಿಲ್ಲಬೇಕೆಂಬುದು ಸುರಕ್ಷತಾ ಮಾನಕಗಳ ಪರೀಕ್ಷೆ. 230 ವೋಲ್ಟಿಗೆ ಇಷ್ಟೊಂದು ಬಂದೋಬಸ್ತು ಏಕೆಂದರೆ, ಸಿಡಿಲು ಹೊಡೆದಾಗ ಅಥವಾ ಹೋದ ಕರೆಂಟು ಮರಳಿ ಬಂದಾಗ ಮನೆಯ ತಂತಿಗಳಲ್ಲಿ ಕ್ಷಣಮಾತ್ರ ಸಾವಿರಾರು ವೋಲ್ಟುಗಳ ಉಬ್ಬರ ಏಳಬಹುದು. ಅಂಥ ಒಂದು ಕ್ಷಣ ಸಾಕು.

ಲೋಹದ ಕವಚದ ಫೋನನ್ನೋ ಲ್ಯಾಪ್‌ಟಾಪನ್ನೋ ಚಾರ್ಜಿಗೆ ಹಾಕಿದಾಗ ಕೆಲವೊಮ್ಮೆ ಬೆರಳಿಗೆ ಸಣ್ಣಗೆ ಜುಮ್ಮೆನ್ನುವುದನ್ನು ಅನೇಕರು ಗಮನಿಸಿರಬಹುದು. ವಿದ್ಯುತ್ ಗದ್ದಲವನ್ನು ತಗ್ಗಿಸಲೆಂದು ಎರಡು ಭಾಗಗಳ ನಡುವೆ ಬೇಕೆಂದೇ ಇರಿಸುವ ವಿಶೇಷ ಕೆಪಾಸಿಟರ್ ಒಂದರ ಮೂಲಕ ಹರಿಯುವ ಅತ್ಯಲ್ಪ ಸೋರಿಕೆ ಅದಕ್ಕೆ ಸಾಮಾನ್ಯ ಕಾರಣ. ಎರಡು ಪಿನ್ನಿನ ಚಾರ್ಜರುಗಳಲ್ಲಿ ಅದು ಕಾಲು ಮಿಲಿಆಂಪಿಯರನ್ನು ಮೀರುವಂತಿಲ್ಲ. ಈ ಕೆಪಾಸಿಟರ್ ಕೆಟ್ಟರೂ ದಾರಿ ತೆರೆದುಕೊಳ್ಳದಂತೆ, ಎಂದರೆ ತುಂಡಾಗಿ ನಿಲ್ಲುವಂತೆ, ತಯಾರಾಗಿರಬೇಕೆಂಬುದು ನಿಯಮ. ಜುಮ್ಮೆನ್ನುವುದು ಸಹ್ಯ. ಆದರೆ ಕೈ ಹಿಂದೆಳೆದುಕೊಳ್ಳುವಷ್ಟು ಹೊಡೆದರೆ ಆ ಚಾರ್ಜರನ್ನು ಅಂದೇ ಬಿಸಾಡಬೇಕು.

ಉಳಿತಾಯ ಆಗುವುದೆಲ್ಲಿ?

ನಕಲಿ ಚಾರ್ಜರಿನ ತಯಾರಕನು ಬೆಲೆ ಇಳಿಸಬೇಕಾದಾಗ ಹೊರಗಿನ ಪ್ಲಾಸ್ಟಿಕ್ಕಿನಲ್ಲಿ ಉಳಿಸುವುದಿಲ್ಲ. ಕೊಳ್ಳುವವನ ಕಣ್ಣು ಬೀಳುವುದೇ ಅಲ್ಲಿ. ಹೊಳಪು, ಅಕ್ಷರಗಳ ಅಚ್ಚು, ಪೆಟ್ಟಿಗೆಯ ಅಂದ ಇವೆಲ್ಲ ಅಸಲಿಯನ್ನು ನಾಚಿಸುವಂತೆ ಇರುತ್ತವೆ. ಉಳಿಸುವುದು ಕಾಣದ ಕಡೆ. ಮೂರು ಪದರದ ತಂತಿಯ ಬದಲು ಬರಿಯ ವಾರ್ನಿಷ್ ಬಳಿದ ತಂತಿ, ನಿಗದಿಯಾದ ಕೆಪಾಸಿಟರಿನ ಬದಲು ಸಾಮಾನ್ಯವಾದದ್ದು, ಫ್ಯೂಸಿನ ಜಾಗದಲ್ಲಿ ಏನೂ ಇಲ್ಲ. ಐದಾರು ಮಿಲಿಮೀಟರ್ ಇರಬೇಕಾದ ಅಂತರ ಒಂದಕ್ಕೆ ಇಳಿಯುವುದೂ ಉಂಟು. ಇಷ್ಟೆಲ್ಲ ಆದ ಮೇಲೂ ಫೋನು ಚಾರ್ಜ್ ಆಗುತ್ತದೆ. ಗೋಡೆ ಗಟ್ಟಿಯೋ ಟೊಳ್ಳೋ ಎಂಬುದು ಫೋನಿಗೆ ತಿಳಿಯುವ ವಿಷಯವಲ್ಲ. ಆರು ತಿಂಗಳು, ವರ್ಷ ಯಾವ ತೊಂದರೆಯೂ ಕಾಣದೆ ನಡೆಯಬಹುದು. ‘ನಾನು ಇದನ್ನೇ ಎರಡು ವರ್ಷದಿಂದ ಬಳಸುತ್ತಿದ್ದೇನೆ, ಏನೂ ಆಗಿಲ್ಲ’ ಎಂಬ ಮಾತು ಆ ಕಾರಣಕ್ಕಾಗಿಯೇ ಸುರಕ್ಷತೆಯ ಪುರಾವೆಯಾಗಲಾರದು.

ಇದು ಊಹೆಯ ಮಾತಲ್ಲ. ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆಯಾದ ಯುಎಲ್, ಹಲವು ದೇಶಗಳಿಂದ ಸಂಗ್ರಹಿಸಿದ 400 ನಕಲಿ ಆ್ಯಪಲ್ ಚಾರ್ಜರುಗಳನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿತು. ಅವುಗಳಲ್ಲಿ 397 ಅನುತ್ತೀರ್ಣವಾದವು. 12 ಚಾರ್ಜರುಗಳ ರಚನೆಯಂತೂ ಬಳಸುವವರ ಪ್ರಾಣಕ್ಕೇ ಕುತ್ತು ತರುವಷ್ಟು ಕೆಟ್ಟದಾಗಿತ್ತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2014ರಲ್ಲಿ ಮಹಿಳೆಯೊಬ್ಬರು ಮೃತಪಟ್ಟ ಬಳಿಕ ಅಲ್ಲಿನ ಗ್ರಾಹಕ ವ್ಯವಹಾರ ಇಲಾಖೆ, ಅನುಮೋದನೆಯಿಲ್ಲದ ಅಗ್ಗದ ಯುಎಸ್‌ಬಿ ಚಾರ್ಜರುಗಳನ್ನು ಬಳಸದಂತೆ ಜನರನ್ನು ಎಚ್ಚರಿಸಿತು. ಅದಕ್ಕೆ ಒಂದು ವರ್ಷ ಮೊದಲು, 2013ರ ಆಗಸ್ಟಿನಲ್ಲಿ, ಚೀನಾದಿಂದ ಬಂದ ಇಂಥದೇ ವರದಿಗಳ ಹಿನ್ನೆಲೆಯಲ್ಲಿ ಆ್ಯಪಲ್ ಸಂಸ್ಥೆ ತನ್ನ ಹೆಸರಿನ ನಕಲಿ ಚಾರ್ಜರುಗಳನ್ನು ಹಿಂಪಡೆದು ರಿಯಾಯಿತಿ ದರದಲ್ಲಿ ಅಸಲಿಯನ್ನು ಕೊಡುವ ಯೋಜನೆಯನ್ನೇ ನಡೆಸಬೇಕಾಯಿತು.

ಡಬ್ಬದಿಂದ ಹೊರಬಿದ್ದ ಚಾರ್ಜರ್

ಚಾರ್ಜರಿನ ಆಯ್ಕೆ ಗ್ರಾಹಕನ ತಲೆಗೆ ಬಂದದ್ದು ಇತ್ತೀಚೆಗೆ. ಹಿಂದೆ ಫೋನಿನ ಜೊತೆಗೇ ಚಾರ್ಜರೂ ಬರುತ್ತಿತ್ತು. ಒಂದು ಕಂಪೆನಿಯ ಪಿನ್ನು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಯುರೋಪಿನಲ್ಲಿ 2009ರ ಸುಮಾರಿಗೆ ಮೂವತ್ತಕ್ಕೂ ಹೆಚ್ಚು ಬಗೆಯ ಚಾರ್ಜರುಗಳು ಚಾಲ್ತಿಯಲ್ಲಿದ್ದವು. ಆ ವರ್ಷ ಪ್ರಮುಖ ತಯಾರಕರು ಮೈಕ್ರೊ ಯುಎಸ್‌ಬಿಗೆ ಸ್ವಇಚ್ಛೆಯಿಂದ ಒಪ್ಪಿದರು. ಒಪ್ಪಂದ ಕಾನೂನಾಗಲು ಇನ್ನೂ ಹದಿಮೂರು ವರ್ಷ ಹಿಡಿಯಿತು. ಐರೋಪ್ಯ ಒಕ್ಕೂಟ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬ್ಲೆಟ್, ಕ್ಯಾಮೆರಾ ಮುಂತಾದವುಗಳಿಗೆ ಟೈಪ್-ಸಿ ಕಿಂಡಿ ಕಡ್ಡಾಯವಾಯಿತು. ಲ್ಯಾಪ್‌ಟಾಪುಗಳಿಗೆ ನಿಗದಿಯಾದ ದಿನಾಂಕ 2026ರ ಏಪ್ರಿಲ್ 28. ಐಫೋನ್ ಕೂಡ 2023ರಲ್ಲಿ ಇದೇ ಕಿಂಡಿಗೆ ಬದಲಾಯಿತು. ನಮ್ಮ ಭಾರತೀಯ ಮಾನಕ ಬ್ಯೂರೊ ಸಹ ಟೈಪ್-ಸಿಗೆ ಮಾನಕವೊಂದನ್ನು ಪ್ರಕಟಿಸಿದೆ.

ಇದರ ಹಿಂದಿನ ಉದ್ದೇಶ ಒಳ್ಳೆಯದೇ. ಎಸೆದ ಮತ್ತು ಬಳಸದೆ ಬಿದ್ದಿರುವ ಚಾರ್ಜರುಗಳಿಂದ ಯುರೋಪಿನಲ್ಲಿ ವರ್ಷಕ್ಕೆ ಸುಮಾರು 11,000 ಟನ್ ಇ-ತ್ಯಾಜ್ಯ ಉಂಟಾಗುತ್ತದೆಂದು ಅಲ್ಲಿನ ಆಯೋಗ ಅಂದಾಜಿಸಿತ್ತು. ಮನೆಯಲ್ಲಿ ಚಾರ್ಜರ್ ಇದ್ದವನಿಗೆ ಮತ್ತೊಂದನ್ನು ಏಕೆ ಕೊಡಬೇಕೆಂಬ ವಾದವನ್ನು ಮುಂದಿಟ್ಟು 2020ರ ಅಕ್ಟೋಬರಿನಲ್ಲಿ ಆ್ಯಪಲ್, ಮರುವರ್ಷದ ಜನವರಿಯಲ್ಲಿ ಸ್ಯಾಮ್‌ಸಂಗ್ ತಮ್ಮ ದುಬಾರಿ ಫೋನುಗಳ ಡಬ್ಬದಿಂದ ಚಾರ್ಜರನ್ನು ಹೊರಗಿಟ್ಟವು. ಬ್ರೆಜಿಲ್‌ನಂಥ ದೇಶ ಇದಕ್ಕೆ ಒಪ್ಪದೆ 2022ರಲ್ಲಿ ಆ್ಯಪಲ್‌ಗೆ ಒಂದು ಕೋಟಿ 20 ಲಕ್ಷ ರಿಯಾಲಿಗೂ ಮಿಕ್ಕಿ ದಂಡ ವಿಧಿಸಿತು. ಪರಿಸರದ ವಾದದಲ್ಲಿ ಸತ್ಯವಿದೆ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಫೋನಿನ ಜೊತೆಗೆ ಬರುತ್ತಿದ್ದ ಚಾರ್ಜರಿಗೆ ಫೋನಿನ ಕಂಪೆನಿಯೇ ಹೊಣೆಯಾಗಿತ್ತು. ಬಿಡಿಯಾಗಿ ಕೊಂಡದ್ದಕ್ಕೆ ಆ ಹೊಣೆ ಹರಿದು ಹಂಚಿಹೋಗುತ್ತದೆ. ಕಿಂಡಿಯ ಆಕಾರ ಎಲ್ಲೆಡೆ ಒಂದಾಯಿತೆಂದ ಮಾತ್ರಕ್ಕೆ ಒಳಗಿನ ಗೋಡೆಯೂ ಎಲ್ಲೆಡೆ ಒಂದೇ ಆಗಲಿಲ್ಲ.

ಅಂಕಿಗಳನ್ನು ಓದುವ ಬಗೆ

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಕಾನೂನು ಇಲ್ಲವೆಂದಲ್ಲ. ಎಲೆಕ್ಟ್ರಾನಿಕ್ ಮತ್ತು ಮಾಹಿತಿ ತಂತ್ರಜ್ಞಾನ ಸರಕುಗಳ ಕಡ್ಡಾಯ ನೋಂದಣಿ ಆದೇಶ 2012ರಲ್ಲೇ ಬಂತು. 2014ರ ನವೆಂಬರಿನಲ್ಲಿ ಪವರ್ ಅಡಾಪ್ಟರ್, ಮೊಬೈಲ್ ಫೋನು, ಪವರ್ ಬ್ಯಾಂಕುಗಳು ಅದರ ಪಟ್ಟಿಗೆ ಸೇರಿದವು. ಆ ಪ್ರಕಾರ ಇಲ್ಲಿ ಮಾರುವ ಚಾರ್ಜರಿನ ಮಾದರಿ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾಗಿ ಮಾನಕ ಬ್ಯೂರೊದಲ್ಲಿ ನೋಂದಣಿಯಾಗಿರಬೇಕು. ಚಾರ್ಜರಿನ ಮೈಮೇಲೆ ಬ್ಯೂರೊದ ಚಿಹ್ನೆಯ ಜೊತೆಗೆ ಐಎಸ್ 13252 ಅಥವಾ ಈಚಿನ ಐಎಸ್/ಐಇಸಿ 62368-1 ಎಂಬ ಮಾನಕದ ಸಂಖ್ಯೆಯೂ, ಇಂಗ್ಲಿಷಿನ ‘ಆರ್’ ಅಕ್ಷರ ಹಾಗೂ ಅದರ ಮುಂದೆ ಎಂಟು ಅಂಕಿಗಳಿರುವ ನೋಂದಣಿ ಸಂಖ್ಯೆಯೂ ಇರಬೇಕು.

ಸಂಖ್ಯೆಯನ್ನು ಅಚ್ಚು ಹಾಕುವುದಕ್ಕೆ ನಕಲಿಯವನಿಗೆ ಹೆಚ್ಚಿನ ಖರ್ಚೇನೂ ಬೀಳುವುದಿಲ್ಲ. ಆದ್ದರಿಂದ ಅಂಕಿ ಇದೆಯೆಂದರೆ ಸಾಲದು, ಅದು ಯಾರದೆಂದು ನೋಡಬೇಕು. ಮಾನಕ ಬ್ಯೂರೊದ ‘ಬಿಐಎಸ್ ಕೇರ್’ ಎಂಬ ಉಚಿತ ಆ್ಯಪಿನಲ್ಲಿ ಈ ಸಂಖ್ಯೆಯನ್ನು ಹಾಕಿದರೆ ತಯಾರಕನ ಹೆಸರು, ಬ್ರ್ಯಾಂಡು, ಯಾವ ವಸ್ತುವಿಗೆ ನೋಂದಣಿ ಎಂಬ ವಿವರ ತೆರೆದುಕೊಳ್ಳುತ್ತದೆ. ಚಾರ್ಜರಿನ ಮೇಲಿನ ಹೆಸರು ಅದಕ್ಕೆ ಹೊಂದದಿದ್ದರೆ, ಅಥವಾ ಆ ಸಂಖ್ಯೆ ಬಲ್ಬಿಗೋ ಕೀಲಿಮಣೆಗೋ ಸೇರಿದ್ದಾಗಿದ್ದರೆ, ಅಂಗಡಿಯವನಿಗೆ ಮರಳಿಸುವುದು ಲೇಸು. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡುವ ಅಭ್ಯಾಸ ನಮಗೆ ಬಂದಿದೆ. ಚಿನ್ನದಲ್ಲಿ ಮೋಸವಾದರೆ ಹೋಗುವುದು ಹಣ ಮಾತ್ರ.

ಮೈಮೇಲಿನ ಉಳಿದ ಅಂಕಿಗಳೂ ಓದಲು ಕಷ್ಟವೇನಲ್ಲ. ‘ಔಟ್‌ಪುಟ್’ ಎಂಬಲ್ಲಿ ವೋಲ್ಟ್ ಮತ್ತು ಆಂಪಿಯರ್ ಇರುತ್ತವೆ. ಎರಡನ್ನು ಗುಣಿಸಿದರೆ ವ್ಯಾಟ್. 5 ವೋಲ್ಟ್, 2 ಆಂಪಿಯರ್ ಎಂದರೆ 10 ವ್ಯಾಟ್. 9 ವೋಲ್ಟ್, 3 ಆಂಪಿಯರ್ ಎಂದರೆ 27 ವ್ಯಾಟ್. ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರನ್ನು ಫೋನಿಗೆ ಹಾಕಿದರೆ ಫೋನು ಸುಟ್ಟುಹೋದೀತೆಂಬ ಭಯ ಹಲವರಲ್ಲಿದೆ. ಟೈಪ್-ಸಿಯ ‘ಪವರ್ ಡೆಲಿವರಿ’ ವ್ಯವಸ್ಥೆಯಲ್ಲಿ ಆ ಭಯಕ್ಕೆ ಕಾರಣವಿಲ್ಲ. ಚಾರ್ಜರ್ ಮೊದಲು ಕೊಡುವುದು ಐದೇ ವೋಲ್ಟ್; ತಾನು ಏನೇನು ಕೊಡಬಲ್ಲೆನೆಂದು ಹೇಳುತ್ತದೆ; ಫೋನು ತನಗೆ ಬೇಕಾದದ್ದನ್ನು ಕೇಳಿದ ಮೇಲಷ್ಟೇ 9, 15 ಅಥವಾ 20 ವೋಲ್ಟಿಗೆ ಏರುತ್ತದೆ. 2021ರ ಪರಿಷ್ಕರಣೆಯಂತೆ ಇದು 240 ವ್ಯಾಟಿನವರೆಗೂ ಹೋಗಬಲ್ಲದು. ಬಡಿಸುವವನ ಪಾತ್ರೆ ದೊಡ್ಡದಾದರೂ ಎಲೆಗೆ ಬೀಳುವುದು ಉಣ್ಣುವವನು ಕೇಳಿದಷ್ಟೇ. ಕೆಲವು ಕಂಪೆನಿಗಳ ಅತಿವೇಗದ ಚಾರ್ಜಿಂಗ್ ಮಾತ್ರ ಅವರದೇ ಚಾರ್ಜರ್, ಅವರದೇ ಕೇಬಲ್ ಇದ್ದರಷ್ಟೇ ನಡೆಯುತ್ತದೆ. ಬೇರೆಯದನ್ನು ಹಾಕಿದರೆ ನಿಧಾನವಾಗುತ್ತದೆ, ಕೆಡುವುದಿಲ್ಲ.

ಈ ಮಾತು ಹಳೆಯ ದುಂಡು ಪಿನ್ನಿನ ಅಡಾಪ್ಟರುಗಳಿಗೆ ಅನ್ವಯಿಸದು. ವೈ-ಫೈ ರೌಟರ್, ಸೆಟ್‌ಟಾಪ್ ಬಾಕ್ಸ್, ಹಳೆಯ ಲ್ಯಾಪ್‌ಟಾಪ್ ಇವುಗಳ ಪಿನ್ನು ಒಂದಕ್ಕೊಂದು ಹೊಂದಿಕೊಂಡರೂ ವೋಲ್ಟೇಜು ಬೇರೆ ಬೇರೆ. ಅಲ್ಲಿ ಮಾತುಕತೆಯ ವ್ಯವಸ್ಥೆಯಿಲ್ಲ. 12 ವೋಲ್ಟಿನ ರೌಟರಿಗೆ 19 ವೋಲ್ಟಿನ ಅಡಾಪ್ಟರ್ ಹಾಕಿದರೆ ರೌಟರ್ ಉಳಿಯುವುದು ಅನುಮಾನ. ಅವುಗಳಿಗೆ ಸೂತ್ರ ಸರಳ: ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಧನ-ಋಣ ಕ್ರಮ ಅದೇ ಆಗಿರಬೇಕು. ಅಡಾಪ್ಟರುಗಳ ಮೇಲೆ ಅದು ಯಾವ ಉಪಕರಣದ್ದೆಂದು ಚೀಟಿ ಅಂಟಿಸಿಡುವುದು ಎರಡು ನಿಮಿಷದ ಕೆಲಸ.

ಕೇಬಲನ್ನೂ ಕಡೆಗಣಿಸುವಂತಿಲ್ಲ. ಸಾಮಾನ್ಯ ಟೈಪ್-ಸಿ ಕೇಬಲ್ ಮೂರು ಆಂಪಿಯರಿಗೆ, ಎಂದರೆ 60 ವ್ಯಾಟಿಗೆ ಸರಿ. ಅದಕ್ಕಿಂತ ಹೆಚ್ಚು ಬೇಕಾದರೆ ಐದು ಆಂಪಿಯರಿನ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ ಬೇಕು. ಟೈಪ್-ಸಿ ಹೊಸದಾಗಿ ಬಂದಾಗ ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲಿಯಂಗ್ ಪೇಟೆಯಲ್ಲಿ ಸಿಗುವ ಕೇಬಲ್ಲುಗಳನ್ನು ಕೊಂಡು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. 2016ರ ಆರಂಭದಲ್ಲಿ ಒಳಗಿನ ತಂತಿಗಳನ್ನೇ ಅದಲುಬದಲಾಗಿ ಜೋಡಿಸಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಹಾಳುಗೆಡವಿತು. ಅದಾದ ಕೆಲವೇ ವಾರಗಳಲ್ಲಿ ಅಮೆಜಾನ್ ಸಂಸ್ಥೆ ಮಾನಕಕ್ಕೆ ಒಗ್ಗದ ಟೈಪ್-ಸಿ ಕೇಬಲ್ಲುಗಳನ್ನು ತನ್ನ ಮಾರಾಟ ಜಾಲದಲ್ಲಿ ನಿಷೇಧಿಸಿತು. ಒಬ್ಬ ಮನುಷ್ಯನ ಪಟ್ಟುಹಿಡಿದ ಪರೀಕ್ಷೆಯಿಂದ ಮಾರುಕಟ್ಟೆಯ ನಿಯಮವೇ ಬದಲಾದ ನಿದರ್ಶನ ಇದು.

ಬಳಸುವಾಗ

ಒಳ್ಳೆಯ ಚಾರ್ಜರ್ ಕೊಂಡ ಮೇಲೂ ಕೆಲವು ಎಚ್ಚರಗಳು ಬೇಕು. ಬಿಸಿ ಲಿಥಿಯಂ ಬ್ಯಾಟರಿಯ ಮೊದಲ ಶತ್ರು. ಚಾರ್ಜಿಗೆ ಹಾಕಿದ ಫೋನನ್ನು ದಿಂಬಿನಡಿ, ಹೊದಿಕೆಯೊಳಗೆ, ಮಕ್ಕಳ ಹಾಸಿಗೆಯಲ್ಲಿ ಇಡಬಾರದು. ಶಾಖ ಹೊರಹೋಗಲು ಗಟ್ಟಿ ನೆಲ, ಮೇಜು ಬೇಕು. ಬ್ಯಾಟರಿ ಉಬ್ಬಿ ಫೋನಿನ ಪರದೆಯೋ ಹಿಂಬದಿಯೋ ಏಳುತ್ತಿದ್ದರೆ ಮತ್ತೆ ಚಾರ್ಜಿಗೆ ಹಾಕಲೇಬಾರದು. ಇಡೀ ರಾತ್ರಿ ಚಾರ್ಜಿಗೆ ಬಿಟ್ಟರೆ ಫೋನು ಸಿಡಿಯುತ್ತದೆಂಬುದು ಅತಿಶಯೋಕ್ತಿ. ತುಂಬಿದ ಮೇಲೆ ಫೋನೇ ನಿಲ್ಲಿಸುತ್ತದೆ. ಆದರೆ ಯಾವಾಗಲೂ ನೂರರಲ್ಲಿ ನಿಂತ ಬ್ಯಾಟರಿಗಿಂತ ಇಪ್ಪತ್ತರಿಂದ ಎಂಬತ್ತರ ನಡುವೆ ಓಡಾಡುವ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು, ಸ್ನಾನದ ಮನೆಗೆ ಚಾರ್ಜರಿನ ವೈರು ಹೋಗಬಾರದು ಎಂಬುದು ಎಲ್ಲರೂ ಬಲ್ಲ ಮಾತು. ಸಡಿಲವಾದ ಸಾಕೆಟ್ಟಿನಲ್ಲಿ ಚಟಚಟ ಸದ್ದು ಕೇಳಿದರೆ, ಪ್ಲಗ್ಗಿನ ಸುತ್ತ ಪ್ಲಾಸ್ಟಿಕ್ ಕಂದಿದ್ದರೆ ಎಲೆಕ್ಟ್ರೀಷಿಯನ್ನನ್ನು ಕರೆಸಬೇಕು. ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಬಾಕ್ಸನ್ನು ಸಿಕ್ಕಿಸುವ ಪದ್ಧತಿ ಬೇಡ. ಕವಚ ಕಿತ್ತುಹೋದ ಕೇಬಲ್ಲಿಗೆ ಟೇಪು ಸುತ್ತಿ ಆಯುಷ್ಯ ಹೆಚ್ಚಿಸುವ ಉಳಿತಾಯವೂ ಬೇಡ. ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲಿನ ಮಳೆಗಾಲದಲ್ಲಿ, ಮಲೆನಾಡಿನಲ್ಲಂತೂ, ಚಾರ್ಜರನ್ನು ಸ್ವಿಚ್ ಆರಿಸಿ ಬಿಟ್ಟರೆ ಸಾಲದು, ಸಾಕೆಟ್ಟಿನಿಂದಲೇ ಕೀಳಬೇಕು. ಸಿಡಿಲಿನ ಉಬ್ಬರಕ್ಕೆ ಸ್ವಿಚ್ಚಿನ ಕಿರಿದಾದ ಅಂತರ ದೊಡ್ಡ ಅಡ್ಡಿಯಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ರಕ್ಷಣೆಯೊಂದು ಮನೆಯ ಮೀಟರ್ ಬೋರ್ಡಿನ ಬಳಿ ಇರಬೇಕಾದದ್ದು. ಎಂಸಿಬಿ ಇದೆ, ಶಾಕ್ ಹೊಡೆದರೆ ಟ್ರಿಪ್ ಆಗುತ್ತದೆ ಎಂದು ಬಹುಮಂದಿ ನಂಬಿದ್ದಾರೆ. ಅದು ತಪ್ಪು. ಎಂಸಿಬಿ ಇರುವುದು ತಂತಿಯನ್ನು ಉಳಿಸಲು. 6 ಅಥವಾ 16 ಆಂಪಿಯರ್ ಮೀರಿದರೆ ಅದು ಎಚ್ಚರಗೊಳ್ಳುತ್ತದೆ. ಮನುಷ್ಯನ ಪ್ರಾಣ ತೆಗೆಯಲು ಆಂಪಿಯರಿನ ಒಂದು ಸಣ್ಣ ಭಾಗ ಸಾಕು. ಅದನ್ನು ಗುರುತಿಸುವುದು ಆರ್‌ಸಿಸಿಬಿ ಎಂಬ ಉಪಕರಣ. ಹೋದ ವಿದ್ಯುತ್ತೆಲ್ಲ ಮರಳಿ ಬಂತೆ ಎಂದು ಅದು ಸದಾ ಲೆಕ್ಕವಿಡುತ್ತದೆ. ಸುಮಾರು 30 ಮಿಲಿಆಂಪಿಯರ್ ಯಾರದೋ ಮೈಮೂಲಕ ನೆಲಕ್ಕೆ ಸೋರಿದರೂ ಕಣ್ಣುಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ಆಗಾಗ್ಗೆ ಒತ್ತಿ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತಿರಬೇಕು. ಮಕ್ಕಳಿರುವ ಮನೆಯಲ್ಲಿ ಇದು ಇಲ್ಲವೆಂದಾದರೆ, ಮುಂದಿನ ಫೋನು ಕೊಳ್ಳುವ ಮೊದಲು ಇದನ್ನು ಹಾಕಿಸುವುದು ವಿವೇಕ.

ವಿದ್ಯುತ್ ಸ್ಕೂಟರುಗಳ ವಿಷಯದಲ್ಲಿ ಈ ಎಚ್ಚರ ಹತ್ತುಪಟ್ಟು ಬೇಕು. ಅವುಗಳ ಬ್ಯಾಟರಿ ಫೋನಿನದಕ್ಕಿಂತ ನೂರಾರು ಪಟ್ಟು ಶಕ್ತಿ ಹಿಡಿದಿಡುತ್ತದೆ. 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಬಳಿಕ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಿತು. ಗಾಡಿಯ ಜೊತೆಗೆ ಬಂದ ಚಾರ್ಜರನ್ನೇ ಬಳಸುವುದು, ಮಲಗುವ ಕೋಣೆಯಲ್ಲಿ ಅಥವಾ ಮನೆಯಿಂದ ಹೊರಬೀಳುವ ದಾರಿಗೆ ಅಡ್ಡವಾಗಿ ಚಾರ್ಜಿಗೆ ಹಾಕದಿರುವುದು, ಓಡಿಸಿ ಬಂದ ಬಿಸಿ ಆರಿದ ಮೇಲೆ ಹಾಕುವುದು ಇವು ಅಲ್ಲಿನ ಕನಿಷ್ಠ ನಿಯಮಗಳು.

ಹೊಣೆ ಯಾರದು?

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಎಲ್ಲ ಎಚ್ಚರಿಕೆ ಗ್ರಾಹಕನೊಬ್ಬನ ಪಾಲಿಗೇ ಏಕೆ ಬರಬೇಕು? ನೋಂದಣಿಯಿಲ್ಲದ ಚಾರ್ಜರನ್ನು ಮಾರುವುದು ಅಪರಾಧವೆಂದು ಕಾನೂನು ಹೇಳುತ್ತದೆ. ಆದರೂ ಬಸ್ ನಿಲ್ದಾಣಗಳ ಬದಿಯಲ್ಲಿ, ಸಂತೆಗಳಲ್ಲಿ, ಆನ್‌ಲೈನ್ ಮಳಿಗೆಗಳಲ್ಲಿ ಅದು ಹಗಲುಬೆಳಕಿನಲ್ಲೇ ಬಿಕರಿಯಾಗುತ್ತಿದೆ. ಪಾದಚಾರಿ ಮಾರ್ಗದ ಮಾರಾಟಗಾರನನ್ನು ಎಬ್ಬಿಸಿದರೆ ಸಮಸ್ಯೆ ಬಗೆಹರಿಯುವುದಿಲ್ಲ. ಅವನ ಬುಟ್ಟಿಗೆ ಸರಕು ಬರುವ ಸಗಟು ಉಗ್ರಾಣದಲ್ಲಿ, ಆಮದಿನ ಬಂದರಿನಲ್ಲಿ ತಪಾಸಣೆ ನಡೆಯಬೇಕು. ಆನ್‌ಲೈನ್ ಮಾರಾಟ ಸಂಸ್ಥೆಗಳು ಪ್ರತಿ ಚಾರ್ಜರಿನ ಪುಟದಲ್ಲೂ ನೋಂದಣಿ ಸಂಖ್ಯೆಯನ್ನು ಎದ್ದು ಕಾಣುವಂತೆ ಹಾಕುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ. ಶಾಕ್ ಹೊಡೆದ, ಸುಟ್ಟ ಚಾರ್ಜರುಗಳ ಬಗ್ಗೆ ಬಿಐಎಸ್ ಕೇರ್ ಆ್ಯಪಿನಲ್ಲಿ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಿಸಾಡಿ ಸುಮ್ಮನಾದರೆ ಅದೇ ಮಾದರಿ ಮತ್ತೊಬ್ಬರ ಮನೆ ಸೇರುತ್ತದೆ.

ಬೆಲೆಯ ಮಾತನ್ನೂ ಆಡಬೇಕು. ಅಸಲಿ ಚಾರ್ಜರ್ ದುಬಾರಿ ಎಂಬುದು ಸುಳ್ಳಲ್ಲ. ಒಂದು ದಿನದ ಕೂಲಿಯನ್ನೇ ಚಾರ್ಜರಿಗೆ ಕೊಡಬೇಕಾದವನಿಗೆ ‘ನಕಲಿ ಕೊಳ್ಳಬೇಡ’ ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಫೋನಿನ ಡಬ್ಬದಿಂದ ಚಾರ್ಜರನ್ನು ತೆಗೆದ ಕಂಪೆನಿಗಳು, ಹಣವಿದ್ದವರು ಮಾತ್ರ ಸುರಕ್ಷಿತವಾಗಿರಬೇಕೆಂದು ಬಯಸುವುದಿಲ್ಲವಾದರೆ, ಸಾಧಾರಣ ವೇಗದ, ಸರಳವಾದ, ಪರೀಕ್ಷೆಯಲ್ಲಿ ತೇರ್ಗಡೆಯಾದ ಚಾರ್ಜರೊಂದನ್ನು ಕೈಗೆಟಕುವ ದರದಲ್ಲಿ ಕೊಡಬೇಕು. 10 ವ್ಯಾಟಿನ ಸುರಕ್ಷಿತ ಚಾರ್ಜರ್ ತಯಾರಿಸಲು ಹೊಸ ಸಂಶೋಧನೆಯೇನೂ ಬೇಕಾಗಿಲ್ಲ.

ಮಧ್ಯಮವರ್ಗದ ಮನೆಗಳು ತಾವೇ ಮಾಡಬಹುದಾದ ಒಂದು ಕೆಲಸವಿದೆ. ನಮ್ಮ ಹಳೆಯ ಫೋನುಗಳು ಮನೆಗೆಲಸದವರಿಗೆ, ಊರಿನ ಬಂಧುಗಳಿಗೆ, ಕಾವಲುಗಾರನ ಮಗನ ಓದಿಗೆ ದಾಟುತ್ತವೆ. ದಾಟುವುದು ಫೋನು ಮಾತ್ರ. ಚಾರ್ಜರ್ ನಮ್ಮ ಹೊಸ ಫೋನಿನ ಸೇವೆಗೆ ಮನೆಯಲ್ಲೇ ಉಳಿಯುತ್ತದೆ. ಪಡೆದವರು ಹತ್ತಿರದ ಅಂಗಡಿಯಲ್ಲಿ ಸಿಕ್ಕ ಅಗ್ಗದ್ದನ್ನು ತಂದು ಸಿಕ್ಕಿಸುತ್ತಾರೆ. ಅವರ ಮನೆಯಲ್ಲಿ ಆರ್‌ಸಿಸಿಬಿ ಇರುವ ಸಂಭವ ನಮ್ಮಲ್ಲಿಗಿಂತ ಕಡಿಮೆ. ನೆಲದ ಮೇಲೆ ಹರಿದಾಡುವ ಮಗು ಇರುವ ಸಂಭವವೂ ಉಂಟು. ಫೋನು ಕೊಡುವಾಗ ಅದರ ಚಾರ್ಜರನ್ನೂ, ಸ್ವಿಚ್ ಆರಿಸುವ ಮಾತನ್ನೂ ಜೊತೆಗೇ ಕೊಡಬೇಕು. ಮೇಜಿನ ಖಾನೆಯಲ್ಲಿ ಧೂಳು ತಿನ್ನುತ್ತಿರುವ ಎರಡು-ಮೂರು ಚಾರ್ಜರುಗಳಲ್ಲಿ ಗಟ್ಟಿ ಗೋಡೆಯುಳ್ಳ ಒಂದಾದರೂ ಇದ್ದೇ ಇರುತ್ತದೆ.